ನಾಳೆ ಸಂಜೆಯ ಐದು ಡಿಗ್ರಿ

ನಾನು ಕಾಂಪೌಂಡರ್ ಆಗಿ ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಮ್ಮ ಆಸ್ಪತ್ರೆಯಲ್ಲಿ ಒಂದೇ ಒಂದು ತಪ್ಪು ಕಂಡುಹಿಡಿದ ಅಧಿಕಾರಿ ಇನ್ನೂ ಹುಟ್ಟಿಲ್ಲ. ತಪಾಸಣೆಗೆಂದು ಬಂದವರೆಲ್ಲ ಬರುವಾಗ ಹುಲಿ, ಹೋಗುವಾಗ ಹಸು. ಒಬ್ಬರು ಭೂತಗನ್ನಡಿ ಹಿಡಿದುಕೊಂಡೇ ಬಂದಿದ್ದರು. ಹೋಗುವಾಗ ಅದನ್ನು ನಮ್ಮ ಮೇಜಿನ ಮೇಲೆ ಬಿಟ್ಟುಹೋದರು, ಇನ್ನು ಇದನ್ನು ಇಟ್ಟುಕೊಂಡು ಏನು ಮಾಡಲಿ ಎಂದು. ನಾನು ನೆಲ ಒರೆಸಿಸಿದೆನೆಂದರೆ ನೊಣ ಕೂಡ ಜಾರಿ ಬಿದ್ದು ಕಾಲು ಮುರಿದುಕೊಂಡು ನಮ್ಮಲ್ಲೇ ಚೀಟಿ ಬರೆಸಬೇಕು, ಹಾಗೆ.

ಈ ಜಂಬವನ್ನೆಲ್ಲ ಈಗಲೇ ಕೊಚ್ಚಿಕೊಂಡುಬಿಡುತ್ತೇನೆ. ಏಕೆಂದರೆ ಹೇಳಹೊರಟಿರುವುದು ಲೋಡಮ್ಮನ ಕಥೆ. ಅದು ಮುಗಿಯುವ ಹೊತ್ತಿಗೆ ಕೊಚ್ಚಿಕೊಳ್ಳಲು ನನ್ನ ಬಳಿ ಏನೂ ಉಳಿದಿರುವುದಿಲ್ಲ.

ಅದಕ್ಕೂ ಮುಂಚೆ ನಮ್ಮ ಸಿಸ್ಟರ್ ವಿಷಯ. ನಮ್ಮದು ನಾಲ್ಕು ಕೋಣೆಯ ಆಸ್ಪತ್ರೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಾರೆ. ಉಳಿದ ದಿನ ಆಸ್ಪತ್ರೆಯೆಂದರೆ ಸಿಸ್ಟರ್ ಮತ್ತು ನಾನು, ಅಂದರೆ ಕೆಲಸ ಮತ್ತು ಮಾತು. ಹೆರಿಗೆ ಕೋಣೆಗೆ ಇರುವುದು ಒಂದೇ ಕಿಟಕಿ. ಅದೂ ರಸ್ತೆಯ ಕಡೆಗೆ. ಒಳಗಿನವರ ಮಾನ ಉಳಿಯಬೇಕಾದರೆ ಕಿಟಕಿ ಮುಚ್ಚಬೇಕು, ಕಿಟಕಿ ಮುಚ್ಚಿದ ಮೇಲೆ ಕರೆಂಟು ಹೋದರೆ ಮಟಮಟ ಮಧ್ಯಾಹ್ನವೇ ಕಗ್ಗತ್ತಲು. ನಮ್ಮ ಕರೆಂಟೋ, ಹೊಸ ಅಳಿಯನ ಹಾಗೆ. ಬರುವುದೇ ಅಪರೂಪ, ಬಂದರೂ ಚಪ್ಪಲಿ ಬಿಡುವುದಿಲ್ಲ. ಆಗ ಸಿಸ್ಟರ್ ಸ್ಟೀಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಎರಡು ಕೈಯೂ ಬೇಕಲ್ಲ! ಹದಿನೆಂಟು ವರ್ಷ ಕಚ್ಚಿ ಕಚ್ಚಿ ಟಾರ್ಚಿನ ಮೇಲೆ ಹಲ್ಲಿನ ಗುರುತು, ಹಲ್ಲಿನ ಮೇಲೆ ಟಾರ್ಚಿನ ಗುರುತು. ಮುಂದಿನ ಹಲ್ಲೊಂದು ಮುಕ್ಕಾಗಿದೆ. ಅವರು ಬಾಯಿ ಬಿಟ್ಟು ಬೇಡಿದ್ದು ಒಂದನ್ನೇ: ಆ ಕೋಣೆಗೆ ಕೈಕೊಡದ ಒಂದು ದೀಪ. ಮೇಲಿನ ಕಚೇರಿಗೆ ವರ್ಷಕ್ಕೊಂದರಂತೆ ಏಳು ಸಲ ಬರೆದಿದ್ದರು. ಏಳಕ್ಕೂ ಉತ್ತರವಿಲ್ಲ.

ಎಂಟನೆಯ ವರ್ಷಕ್ಕೆ ಆ ಕಚೇರಿಯಿಂದ ಒಂದು ಕಾಗದ ಬಂತು. ತಲೆಯ ಮೇಲೆ ಅಧಿಕಾರಿ ಬರುವ ತಾರೀಕು, ಅದರ ಕೆಳಗೆ "ತಮ್ಮ ಆಸ್ಪತ್ರೆಯ ವಿದ್ಯುತ್ ವ್ಯವಸ್ಥೆಯ ಪರಿಶೀಲನೆಗಾಗಿ" ಎಂದು ಶುರುವಾಗಿತ್ತು. ಪರಿಶೀಲನೆ ಎಂಬ ಪದ ಕಂಡ ಮೇಲೂ ಮುಂದಿನ ಸಾಲು ಓದುವ ಕಾಂಪೌಂಡರ್ ಈ ಭೂಮಿಯ ಮೇಲಿಲ್ಲ. ಕಾಗದ ಮಡಿಚಿ ಜೇಬಿಗಿಟ್ಟು ಯುದ್ಧಕ್ಕೆ ನಿಂತೆ.

ಸುಟ್ಟ ಬಲ್ಬುಗಳ ಜಾಗಕ್ಕೆ ಹೊಸವು ಬಂದವು. ಮೇಣದಬತ್ತಿಯ ತುಂಡುಗಳೆಲ್ಲ ಸ್ಟೋರಿನ ಅಟ್ಟ ಸೇರಿದವು. ಲಸಿಕೆ ಇಡುವ ಫ್ರಿಜ್ಜು ಎಷ್ಟು ತಣ್ಣಗಿದೆಯೆಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆದಿಡುವ ಪುಸ್ತಕ ನಮ್ಮಲ್ಲಿದೆ. ಸಿಸ್ಟರ್ ಅದರಲ್ಲಿ ಕರೆಂಟು ಹೋದ ಹೊತ್ತು, ಬಂದ ಹೊತ್ತು, ಲಸಿಕೆಯನ್ನು ಐಸ್ ಪೆಟ್ಟಿಗೆಗೆ ಸಾಗಿಸಿದ ಹೊತ್ತು ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಬರೆದು ಬರೆದು ಪುಸ್ತಕಕ್ಕೆ ದಡಾರ ಎದ್ದಂತೆ ಮಾಡಿದ್ದರು. ಅಧಿಕಾರಿಗಳ ಕಣ್ಣಿಗೆ ಇದನ್ನು ಹಾಕುವುದುಂಟೆ? ಅದನ್ನು ಹತ್ತಿಯ ಡಬ್ಬದೊಳಗೆ ಹೂತೆ. ಹೊಸ ಪುಸ್ತಕ ತೆಗೆದು, ಕೂತ ಕೂತಲ್ಲೇ, ಮುತ್ತು ಪೋಣಿಸಿದಂತೆ ಐದು ಡಿಗ್ರಿ, ಐದು ಡಿಗ್ರಿ ಎಂದು ಪುಟ ತುಂಬಿಸಿದೆ. ಇನ್ನು ಬ್ರಹ್ಮಾಸ್ತ್ರ. ಅಧಿಕಾರಿ ಇರುವಾಗಲೇ ಕರೆಂಟು ಹೋದರೆ ಗತಿಯೇನೆಂದು ಶಾಮಿಯಾನದವನ ಜನರೇಟರ್ ತಂದು ಹಿತ್ತಲಿನಲ್ಲಿ ನಿಲ್ಲಿಸಿದೆ.

"ಸಿಸ್ಟರ್, ನಾಳೆ ನೀವು ಬಾಯಿ ಬಿಡಬೇಡಿ. ಮಾತು ನನಗೆ ಬಿಡಿ" ಎಂದೆ.

"ಅದೇನು ಹೊಸದಾ?" ಎಂದರು.

ಮರುದಿನ ಎಂಟಕ್ಕೇ ಕರೆಂಟು ಹೋಯಿತು, ಜನರೇಟರ್ ಶುರು ಮಾಡಿದೆ. ಒಂಬತ್ತಕ್ಕೆ ಒಂದು ಏಣಿ ತಾನೇ ಸ್ಕೂಟರ್ ಓಡಿಸಿಕೊಂಡು ಬಂದಂತೆ ಕಂಡಿತು. ಹತ್ತಿರ ಬಂದ ಮೇಲೆ ಏಣಿಯ ಹಿಂದೆ ಒಬ್ಬ ಹೆಂಗಸು. ವಯಸ್ಸು ಮೂವತ್ತೈದರ ಆಸುಪಾಸು. ಸ್ಕೂಟರನ್ನು ಮುಂದೆ ನಿಲ್ಲಿಸಲಿಲ್ಲ. ಹಿತ್ತಲ ಕಡೆಯಿಂದ ಒಂದು ಸುತ್ತು ಹಾಕಿ, ಮೀಟರ್ ಪೆಟ್ಟಿಗೆ ನೋಡಿಕೊಂಡು ಬಂದು ಬಾಗಿಲಲ್ಲಿ ಇಳಿದಳು. ತೊಟ್ಟ ಪ್ಯಾಂಟಿಗೆ ಹನ್ನೊಂದು ಜೇಬು. ಗಂಡ ದರ್ಜಿ, ಟೇಪಿಗೊಂದು, ಸೀಮೆಸುಣ್ಣಕ್ಕೊಂದು, ಟೆಸ್ಟರಿಗೊಂದು ಎಂದು ಹೊಲಿದುಕೊಟ್ಟದ್ದಂತೆ. ಆಕೆ ಲೈನ್‌ಮನ್ ಒಬ್ಬನ ಕಿರಿಮಗಳು. ಕಂಬ ಹತ್ತುವುದನ್ನು ಕಲಿತ ಮೇಲೆಯೇ ನೆಲದ ಮೇಲೆ ನಡೆಯಲು ಕಲಿತವಳು. ಇದೆಲ್ಲ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು ಇನ್ನೊಂದು ಹುಲಿ, ಅಷ್ಟೇ.

"ಬನ್ನಿ ತಾಯಿ, ಕೂತ್ಕೊಳ್ಳಿ. ಫ್ಯಾನ್ ಹಾಕ್ಲಾ?"

"ಹಾಕಿ. ಎಷ್ಟು ಲೋಡು?"

"ಯಾರದ್ದು, ನಂದಾ?"

"ಫ್ಯಾನ್‌ದು ಯಜಮಾನ್ರೇ."

ಬಲ್ಬಿನ ಲೋಡು, ಫ್ರಿಜ್ಜಿನ ಲೋಡು, ಕತ್ತರಿ ಕುದಿಸುವ ಪಾತ್ರೆಯ ಲೋಡು, ಯಾವುದು ಎಷ್ಟು ಕರೆಂಟು ತಿನ್ನುತ್ತದೆ ಎಂಬ ಲೆಕ್ಕ. ಮೇಜಿನ ಮೇಲಿದ್ದ ನನ್ನ ಕನ್ನಡಕವನ್ನೂ ತಿರುಗಿಸಿ ನೋಡಿದಳು, ಅದಕ್ಕೂ ವೈರು ಇದೆಯೇನೋ ಎಂದು. ಆ ದಿನವೇ ಲೋಡಮ್ಮ ಎಂದು ಹೆಸರು ಬಿತ್ತು.

"ಕರೆಂಟ್ ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ?"

"ಹೋಗೋದಾ? ಆಚೆ ಹೋಗೋ ದಾರೀನೇ ಅದಕ್ಕೆ ಗೊತ್ತಿಲ್ಲ!"

"ಹಿಂದ್ಗಡೆ ಏನೋ ಗೊರಕೆ ಹೊಡೀತಿದೆಯಲ್ಲ?"

"ಪಕ್ಕದಲ್ಲಿ ಹಿಟ್ಟಿನ ಗಿರಣಿ ಮೇಡಂ."

"ಹೌದಾ" ಎಂದು ಅದನ್ನೂ ಬರೆದುಕೊಂಡಳು. ಆಮೇಲೆ ಗೋಡೆಯ ಸ್ವಿಚ್ಚುಗಳಿಗೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದಳು. ನಮ್ಮ ಸ್ವಿಚ್ಚುಗಳ ಮೇಲೆ ಬೆರಳಿನ ಕೊಳೆ ಕೂತು ಕಪ್ಪಾಗಿತ್ತು. ಮೂವತ್ತೊಂದು ವರ್ಷದಲ್ಲಿ ಯಾವ ಹುಲಿಯೂ ಸ್ವಿಚ್ಚು ನೋಡಿರಲಿಲ್ಲ, ಹಾಗಾಗಿ ಒರೆಸಿಸಿರಲಿಲ್ಲ.

"ಇದೊಂದು ಮಾತ್ರ ಹೊಸದರ ಹಾಗೆ ಹೊಳೀತಿದೆ. ಹೆರಿಗೆ ಕೋಣೆದಲ್ವಾ?"

"ಅದನ್ನ ದಿನಾ ಒರೆಸ್ತೀವಿ."

"ಪಕ್ಕದ್ದು ಏನು ಪಾಪ ಮಾಡಿತ್ತು?"

ಆ ಸ್ವಿಚ್ಚನ್ನು ಒತ್ತಿ ಫಲವಿಲ್ಲವೆಂದು ಯಾರೂ ಮುಟ್ಟುತ್ತಿರಲಿಲ್ಲ, ನಿಜ ಅದು. ಲೋಡಮ್ಮ ಏಣಿ ಇಟ್ಟು ತಾರಸಿ ಹತ್ತಿದಳು. ನೀರಿನ ಟ್ಯಾಂಕಿನ ನೆರಳು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಗಂಟೆ ಕಳೆದ ಮೇಲೆ ಇನ್ನೊಂದು ಗೆರೆ. ಆಸ್ಪತ್ರೆಯ ನೆರಳಿನಲ್ಲೂ ತಪ್ಪು ಹುಡುಕುವ ಅಧಿಕಾರಿಯನ್ನು ನಾನು ಕಂಡದ್ದು ಅದೇ ಮೊದಲು.

ಇಳಿದು ಬಂದು ಫ್ರಿಜ್ಜಿನ ಪುಸ್ತಕ ಕೇಳಿದಳು. ಎದೆಯುಬ್ಬಿಸಿ ಕೊಟ್ಟೆ. ಪುಟ ತಿರುಗಿಸಿದಳು.

"ಎಷ್ಟು ಅಚ್ಚುಕಟ್ಟು! ಇಂಥ ಅಕ್ಷರ ನಾನು ನೋಡೇ ಇಲ್ಲ."

"ಏನೋ, ದೊಡ್ಡವರ ಆಶೀರ್ವಾದ."

"ಒಂದೇ ಒಂದು ಸಂದೇಹ. ಇವತ್ತು ಹನ್ನೊಂದನೇ ತಾರೀಕು. ಇಲ್ಲಿ ಹನ್ನೆರಡರ ಸಂಜೆ ಐದು ಡಿಗ್ರಿ ಅಂತಿದೆ. ನಾಳೆ ಸಂಜೆ ಎಷ್ಟಿರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಬರೆಯುವ ಹುಮ್ಮಸ್ಸಿನಲ್ಲಿ ಕೈ ತಿಂಗಳ ಕೊನೆಯವರೆಗೆ ಓಡಿಹೋಗಿತ್ತು.

"ಅದು... ಒಂದು ಅಂದಾಜು."

"ಅಂದಾಜಿಗೆ ಸಹಿನೂ ಹಾಕಿದ್ದೀರಿ."

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ನನ್ನನ್ನು ನೋಡಿದ ನೋಟಕ್ಕೆ ಕತ್ತರಿ ಕುದಿಸುವ ಪಾತ್ರೆ ಕರೆಂಟಿಲ್ಲದೆಯೇ ಕುದಿಯುತ್ತಿತ್ತು. ಲೋಡಮ್ಮ ಪುಸ್ತಕ ಮುಚ್ಚಿ ಎದ್ದಳು.

"ಸರಿ, ನೀವು ಭಾಗ್ಯವಂತರು. ಈ ದಾರೀಲಿ ಹನ್ನೊಂದು ಆಸ್ಪತ್ರೆ ಇವೆ. ಸೋಲಾರ್ ಸಿಗೋದು ಆರಕ್ಕೇನೇ. ಕರೆಂಟಿಲ್ಲದೇ ಒದ್ದಾಡೋರಿಗೆ ಮೊದಲು. ನಿಮಗೆ ಬೇಕಾಗೋದೇ ಇಲ್ಲ ಬಿಡಿ."

"ಸೋಲಾರಾ?"

ಜೇಬಿನಿಂದ ಕಾಗದ ತೆಗೆದು ಎರಡನೆಯ ಸಾಲು ಓದಿದೆ. "...ಸೌರವಿದ್ಯುತ್ ಅಳವಡಿಸಲು ಅರ್ಹವಾದ ಆಸ್ಪತ್ರೆಗಳನ್ನು ಗುರುತಿಸುವ ಸಲುವಾಗಿ." ಅದುವರೆಗೆ ನನ್ನ ಬಾಯಿ ಎಂದೂ ತಾನಾಗಿ ಮುಚ್ಚಿದ್ದಿಲ್ಲ. ಅವತ್ತು ಮುಚ್ಚಿತು. ಸಿಸ್ಟರ್ ಹದಿನೆಂಟು ವರ್ಷ ಕಾದ ದೀಪ ನಮ್ಮ ಬಾಗಿಲಿಗೆ ಬಂದಿತ್ತು, ನಾನೇ ಮುಂದೆ ನಿಂತು ಬೇಡ ಹೋಗು ಎಂದು ಕಳಿಸುತ್ತಿದ್ದೆ.

ಸಿಸ್ಟರ್ ಒಳಗೆ ಹೋಗಿ ಟಾರ್ಚು ತಂದರು. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಲೋಡಮ್ಮನ ಮುಖ ನೋಡುತ್ತಾ ಏನೋ ಹೇಳಿದರು. ಊಂ ಊಂ ಎಂದಷ್ಟೇ ಕೇಳಿಸಿತು. ಟಾರ್ಚು ತೆಗೆದರು.

"ನಾನೇನಂದೆ, ತಿಳೀತಾ?"

"ಇಲ್ಲ ಸಿಸ್ಟರ್."

"'ಹೆದರಬೇಡಮ್ಮ, ನಾನಿದ್ದೀನಿ' ಅಂದೆ. ಹದಿನೆಂಟು ವರ್ಷದಿಂದ ಹೀಗೇ ಹೇಳ್ತಾ ಬಂದಿದ್ದೀನಿ. ಹೆರೋ ಹೊತ್ತಲ್ಲಿ ಒಬ್ಬಳಿಗೂ ಕೇಳಿಸಿಲ್ಲ."

ನಾನು ಅದೇ ಆಸ್ಪತ್ರೆಯಲ್ಲಿ, ಅದೇ ಗೋಡೆಯ ಈಚೆ ಬದಿಯಲ್ಲಿ ಕೂತು ಮಾತ್ರೆ ಎಣಿಸಿದವನು. ನನಗೂ ಕೇಳಿಸಿರಲಿಲ್ಲ.

ಲೋಡಮ್ಮ ಟಾರ್ಚನ್ನು ಕೈಗೆ ತೆಗೆದುಕೊಂಡು ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. ಅದನ್ನು ಸಿಸ್ಟರ್ ಕೈಗೆ ಕೊಟ್ಟು ನನ್ನ ಕಡೆ ತಿರುಗಿದಳು.

"ಯಜಮಾನ್ರೇ, ಹೋಗಿ ನಿಮ್ಮ ಹಿಟ್ಟಿನ ಗಿರಣಿ ನಿಲ್ಲಿಸಿ ಬನ್ನಿ. ಪಾಪ, ಬೆಳಿಗ್ಗೆಯಿಂದ ನಿಮ್ಮ ಮೀಟರಿಗೇ ಬೀಸ್ತಾ ಇದೆ. ಬರೋವಾಗ ಆ ಇನ್ನೊಂದು ಪುಸ್ತಕಾನೂ ತನ್ನಿ."

"ಯಾವ ಇನ್ನೊಂದು?"

"ಇಷ್ಟು ಚೆನ್ನಾಗಿ ಸುಳ್ಳು ಬರೆಯೋ ಕಡೆ ನಿಜ ಬರೆದಿರೋದೂ ಒಂದಿರುತ್ತೆ."

ಜನರೇಟರ್ ನಿಲ್ಲಿಸಿದೆ. ಆಸ್ಪತ್ರೆ ತನ್ನ ನಿಜರೂಪಕ್ಕೆ ಬಂತು. ಹನ್ನೆರಡು ಗಂಟೆಯ ಬಿಸಿಲು ಹೊರಗೆ, ಹೆರಿಗೆ ಕೋಣೆಯಲ್ಲಿ ಸ್ವಂತ ಕೈ ಕಾಣದ ಕತ್ತಲೆ. ಹತ್ತಿಯ ಡಬ್ಬದಿಂದ ಕೆಂಪು ಪುಸ್ತಕ ಎದ್ದು ಬಂತು, ಮೈತುಂಬ ಹತ್ತಿ ಅಂಟಿಸಿಕೊಂಡು, ಗಾಯಾಳುವಿನ ಹಾಗೆ. ಲೋಡಮ್ಮ ಅದನ್ನು ಹಿಡಿದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಊಟದ ಡಬ್ಬಿ ಪಕ್ಕಕ್ಕಿಟ್ಟು, ಒಂದೊಂದು ಸಾಲೂ ಓದಿದಳು. ಸಿಸ್ಟರ್ ಪಕ್ಕದಲ್ಲಿ ಕೂತರು. ನಾನು ಎರಡು ಮೆಟ್ಟಿಲು ಕೆಳಗೆ, ನನ್ನ ಯೋಗ್ಯತೆಗೆ ತಕ್ಕ ಎತ್ತರದಲ್ಲಿ.

"ಬಂದ ಕೂಡಲೇ ಜನರೇಟರ್ ನೋಡಿದ್ರಲ್ಲ, ಆಗಲೇ ಯಾಕೆ ಹೇಳ್ಲಿಲ್ಲ?" ಎಂದು ಸಿಸ್ಟರ್ ಕೇಳಿದರು.

"ಇವರು ಎಷ್ಟು ದೂರ ಹೋಗ್ತಾರೆ ನೋಡೋಣ ಅಂತ. ತಿಂಗಳ ಕೊನೇವರೆಗೂ ಹೋಗಿದ್ರು." ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನಮ್ಮಕ್ಕನೂ ಸಿಸ್ಟರ್. ಇಂಥದೇ ಸಣ್ಣ ಆಸ್ಪತ್ರೆ. ಈ ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೋಗಿದ್ದು ಅಲ್ಲಿಗೇ. ತಂಗಿ ಅಧಿಕಾರಿ ಆಗಿ ಬಂದಿದ್ದಾಳೆ ಅಂತ ಅಕ್ಕ ಎಲ್ಲಾ ತೊಳೆದು ಬಳಿದು ಇಟ್ಟಿದ್ದಳು. 'ನಮಗೇನೂ ತೊಂದರೆ ಇಲ್ಲ' ಅಂದಳು. ಅಕ್ಕನ ಮಾತಲ್ವಾ, ಹಾಗೇ ಬರ್ಕೊಂಡು ಬಂದೆ. ಪಟ್ಟಿಯಿಂದ ಬಿಟ್ಟೇ ಹೋಯ್ತು. ಅವಳ ಮುಂದಿನ ಹಲ್ಲೂ ಹೀಗೇ ಮುಕ್ಕಾಗಿದೆ ಅನ್ನೋದು ಆಮೇಲೆ ಗಮನಕ್ಕೆ ಬಂತು. ಈಗ್ಲೂ ಫೋನ್ ಮಾಡಿದ್ರೆ ಮೊದಲು ಕೇಳೋದು, 'ಊರಿಗೆಲ್ಲಾ ದೀಪ ಹಚ್ಚಿ ಆಯ್ತೇನೇ?' ಅಂತ. ಅವತ್ತಿಂದ ಬಾಯಿಮಾತು ನಂಬಲ್ಲ ನಾನು. ಸ್ವಿಚ್ಚು ನೋಡ್ತೀನಿ."

ಮೂರು ಗಂಟೆಗೆ ಟ್ಯಾಂಕಿನ ನೆರಳಿಗೆ ಕೊನೆಯ ಗೆರೆ ಎಳೆದಳು. ನೆರಳು ಸೋಕದ ಜಾಗದಲ್ಲಿ ಆರು ಪ್ಯಾನಲ್ ಕೂರುತ್ತವೆ ಎಂದಳು. ನನ್ನ ಚಂದದ ಪುಸ್ತಕದ ಪುಟಗಳಿಗೆ ಅಡ್ಡಗೆರೆ ಹೊಡೆಸಿ, ಪ್ರತಿ ಗೆರೆಗೂ ನನ್ನಿಂದಲೇ ಸಹಿ ಹಾಕಿಸಿ, ಕೆಂಪು ಪುಸ್ತಕದ ಪ್ರತಿ ತೆಗೆದುಕೊಂಡು ಹೊರಟಳು. ಮೇಲಿನವರಿಗೆ ನನ್ನ ಮೇಲೆ ದೂರು ಬರೆದಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ. ಬರೆಯಲಿಲ್ಲ. ವರದಿಯಲ್ಲಿ ಒಂದು ಸಾಲು ಮಾತ್ರ ಇತ್ತೆಂದು ಡಾಕ್ಟರು ಆಮೇಲೆ ಓದಿ ಹೇಳಿದರು: "ಹೆರಿಗೆ ಕೋಣೆಯ ಬೆಳಕಿನ ಮೂಲ: ಟಾರ್ಚು ಒಂದು, ಸಿಸ್ಟರ್ ಹಲ್ಲಿನಲ್ಲಿ."

ಐದು ತಿಂಗಳಿಗೆ ಆರು ಪ್ಯಾನಲ್ ಬಂದವು, ಬ್ಯಾಟರಿ ಬಂತು. ಒಂದು ಮಧ್ಯಾಹ್ನ, ಮೋಡ ಮುಚ್ಚಿ ಊರಿಗೆಲ್ಲ ಕರೆಂಟು ಹೋಗಿದ್ದಾಗ, ಚೊಚ್ಚಲ ಹೆರಿಗೆಗೆ ಒಬ್ಬಳು ಬಂದಳು. ನಾನು ಗೋಡೆಯ ಈಚೆ ಮಾತ್ರೆ ಎಣಿಸುತ್ತಿದ್ದೆ. ಬಾಗಿಲ ಕೆಳಗಿನ ಸಂದಿಯಿಂದ ಬೆಳ್ಳಗೆ ಬೆಳಕು. ಒಳಗಿನಿಂದ ಸಿಸ್ಟರ್ ದನಿ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ: "ಹೆದರಬೇಡಮ್ಮ, ನಾನಿದ್ದೀನಿ." ನನ್ನ ಎಣಿಕೆ ತಪ್ಪಿತು. ಮೊದಲಿಂದ ಎಣಿಸಿದೆ, ಮತ್ತೆ ತಪ್ಪಿತು. ಮಗು ಅತ್ತ ಮೇಲೆಯೇ ಲೆಕ್ಕ ಸರಿಹೋದದ್ದು. ಲೋಡಮ್ಮನ ಹೊಟ್ಟೆ ತಣ್ಣಗಿರಲಿ ಎಂದು ಅವತ್ತು ಅಂದುಕೊಂಡೆ. ಇಂದಿಗೂ ಆ ಬಾಗಿಲ ಸಂದಿಯಲ್ಲಿ ಬೆಳಕು ಕಂಡಾಗಲೆಲ್ಲ ಅಂದುಕೊಳ್ಳುತ್ತೇನೆ.

ಒಂದು ಅಡ್ಡಪರಿಣಾಮವನ್ನೂ ಹೇಳಬೇಕು. ಬಾಯಿ ಬಿಡುವಾದ ಮೇಲೆ ಸಿಸ್ಟರ್ ಹದಿನೆಂಟು ವರ್ಷದ ಬಾಕಿ ಮಾತನ್ನೆಲ್ಲ ಆಡಿ ತೀರಿಸುತ್ತಿದ್ದಾರೆ. ಅದರ ಮುಕ್ಕಾಲು ಪಾಲು ನನಗೆ ಬೈಗುಳ.

ಮೊನ್ನೆ ಲೋಡಮ್ಮ ಬ್ಯಾಟರಿ ನೋಡಲು ಬಂದಿದ್ದಳು. ಅಕ್ಕನ ಆಸ್ಪತ್ರೆಗೂ ಈ ಸಲ ಸೋಲಾರ್ ಆಯಿತಂತೆ. "'ತೊಂದರೆ ಇಲ್ಲ' ಅಂತ ಮತ್ತೆ ಶುರು ಮಾಡಿದಳು. ನಾನು ಅವಳ ಮಾತು ಕೇಳ್ಲಿಲ್ಲ, ಹಲ್ಲು ನೋಡಿದೆ" ಎಂದಳು. ನಾನು ಫ್ರಿಜ್ಜಿನ ಪುಸ್ತಕ ತೆರೆದು ತೋರಿಸಿದೆ. ಆ ದಿನದ ಸಂಜೆಯ ಜಾಗ ಖಾಲಿಯಿತ್ತು, ಸಂಜೆ ಇನ್ನೂ ಆಗಿರಲಿಲ್ಲವಾದ್ದರಿಂದ. ಅದಕ್ಕೆ ಶಭಾಷ್ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಬ್ಯಾಟರಿಯ ಸ್ಕ್ರೂ ಬಿಗಿ ಮಾಡುತ್ತಾ ಕೂತಳು.

"ನಿನ್ನ ಬಗ್ಗೆ ಒಂದು ಕಥೆ ಬರೀಬೇಕು ಅಂತಿದ್ದೀನಿ ಮಗಳೇ" ಎಂದೆ. "ಭೂಮಂಡಲದ ಆಸ್ಪತ್ರೆಗೆಲ್ಲಾ ದೀಪ ಹಚ್ಚಿದ ಲೋಡಮ್ಮ ಅಂತ ಬರೆದುಬಿಡ್ಲಾ?"

ತಲೆಯೆತ್ತಲೂ ಇಲ್ಲ ಅವಳು.

"ಬರೀರಿ ಯಜಮಾನ್ರೇ. ಆಗಿರೋದನ್ನ ಮಾತ್ರ ಬರೀರಿ. ನಾಳೆ ಸಂಜೇದನ್ನ ನಾಳೆ ಸಂಜೆ ಬರೆದ್ರಾಯ್ತು."