ಡಬ್ಬಿಯ ಮೇಲೆ ನಾನೆಳೆದ ಗೆರೆ

ಪರೀಕ್ಷೆ ಮಾಡದ ಡಬ್ಬಿಯ ಮೇಲೆ ಚಾಕ್‌ಪೀಸಿನ ಗೆರೆ ಎಳೆದವನು ನಾನು, ಚಾಚಾ. ನೀವು ಕೇಳಿದಾಗ ಸುಳ್ಳು ಹೇಳಿದವನೂ ನಾನೇ. ಹನ್ನೊಂದು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಮನೆಯ ಚಹಾ ಕುಡಿದಿದ್ದೇನೆ.

ಸಿರುಗುಪ್ಪದಿಂದ ಭಾನುವಾರಗಳಲ್ಲಿ ಕೌಲ್ ಬಜಾರಿನ ನಿಮ್ಮ ರಿಪೇರಿ ಅಂಗಡಿಗೆ ಬರುತ್ತಿದ್ದ ನನಗೆ ಆಗಲೇ ಮೂವತ್ತು ದಾಟಿತ್ತು — ಚಿಕ್ಕವನಿದ್ದೆ ಎನ್ನುವ ನೆಪವೂ ಇಲ್ಲ. ಸತ್ತ ಕಂಪ್ಯೂಟರಿನಿಂದ ಕರೆಂಟು ಕೊಡುವ ಡಬ್ಬಿಯನ್ನು ಬಿಚ್ಚಿ, ಅದಕ್ಕೆ ಬೇರೊಂದು ಬಾಳು ಕೊಡುವುದನ್ನು ನೀವು ಕಲಿಸಿದಿರಿ. ಹಸಿರು ವೈರನ್ನು ಕರಿ ವೈರಿಗೆ ತಾಗಿಸಿದರೆ ಡಬ್ಬಿ ಎಚ್ಚರಾಗಿ, ಅದರೊಳಗಿನ ಫ್ಯಾನು ತಿರುಗುತ್ತದೆ. ಪ್ಲಗ್ ಕಿತ್ತರೂ ಒಳಗಿನ ಕರೆಂಟು ಬೇಗ ಸಾಯುವುದಿಲ್ಲ, ಮುಚ್ಚಳದೊಳಗೆ ಬೆರಳು ಹಾಕಬಾರದು — ನನ್ನ ಹತ್ತೂ ಬೆರಳು ನೆಟ್ಟಗಿರುವುದು ನಿಮ್ಮ ಬೈಗುಳದ ಪುಣ್ಯ.

"ಫ್ಯಾನು ತಿರುಗಿದ್ರ ಏನಾತಲೇ? ಬಾಯಿಲೆ ಊದಿದ್ರೂ ತಿರುಗತೈತಿ. ಹೊರಿ ಹೊತ್ತು ನಿಂತ್ರ ಖರೇ" ಎನ್ನುತ್ತಿದ್ದಿರಿ. ಆ ಹೊರೆಯೆಂದರೆ ಹಲಗೆಗೆ ಕೂರಿಸಿದ್ದ ಕಾರಿನ ಹೆಡ್‌ಲೈಟ್ ಬಲ್ಬು; ಡಬ್ಬಿಯಿಂದ ಅದನ್ನು ಅರ್ಧ ತಾಸು ಉರಿಸಿ, ಮೀಟರಿನ ಮುಳ್ಳು ಹನ್ನೆರಡು ವೋಲ್ಟಿನಿಂದ ಅಲುಗದಿದ್ದರೆ ಮಾತ್ರ ಡಬ್ಬಿಗೆ ನಿಮ್ಮ ಬಿಳಿ ಗೆರೆ.

ಆ ಭಾನುವಾರ ಮಧ್ಯಾಹ್ನದ ನಮಾಜಿಗೆ ಹೊರಟವರು ಮೊದಲ ಸಲ ಚಾಕ್‌ಪೀಸನ್ನು ನನ್ನ ಕೈಗಿಟ್ಟಿರಿ. "ಇವತ್ತು ಗೆರಿ ನೀನ ಎಳಿಯಲೇ, ಮಹೇಶಾ." ಡಬ್ಬಿ ನಿಮ್ಮ ಗೆಳೆಯರಾದ ಕುರುಗೋಡಿನ ಶರಣಪ್ಪ ಮಾಸ್ತರರಿಗೆ — ಮೂರು ವರ್ಷ ಕೂತು ಅವರೇ ಕಟ್ಟಿದ ರೇಡಿಯೋಕ್ಕೆ. ನನಗೋ ಒಂದೂವರೆಯ ಬಸ್ಸು, ಅಕ್ಕನ ಮನೆಯಲ್ಲಿ ಹೋಳಿಗೆ ಊಟ. ಫ್ಯಾನು ತಿರುಗಿತು. ಗೆರೆ ಎಳೆದೆ. ಬಲ್ಬು — ಅದನ್ನು ಮುಟ್ಟಲೇ ಇಲ್ಲ.

ಮುಂದಿನ ವಾರ ಮಾಸ್ತರರು ಸುಟ್ಟ ರೇಡಿಯೋ ತಂದು ಮೇಜಿನ ಮೇಲಿಟ್ಟರು. "ನಿಮ್ಮ ಗೆರಿ ನೋಡಿ ಹಚ್ಚೀನ್ರಿ, ಸಾಹೇಬ್ರ. ಮತ್ತೇನೂ ನೋಡ್ಲಿಲ್ಲ."

ನೀವು ನನ್ನ ಕಡೆ ತಿರುಗಿದಿರಿ. "ಅರ್ಧ ತಾಸು ಉರಿಸಿದ್ದಿಯಲ್ಲಲೇ?"

"ಹೂಂ, ಚಾಚಾ."

ಇಷ್ಟೇ ಮಾತು. ನೀವು ಮತ್ತೆ ಕೇಳಲಿಲ್ಲ. "ಹಂಗಾರ ನನ್ನ ಬಲ್ಬ ಸುಳ್ಳು ಹೇಳೈತ್ರಿ, ಮಾಸ್ತರ. ತಪ್ಪು ನಂದು" ಎಂದಿರಿ. ರೇಡಿಯೋ ಎತ್ತಿಕೊಂಡು ಹೋದ ಮಾಸ್ತರರು ಮತ್ತೆ ಬರಲಿಲ್ಲ. ನೀವು ಅಂದೇ ಆ ಬಲ್ಬಿನ ಹಲಗೆಯನ್ನು ಗುಜರಿ ಬುಟ್ಟಿಗೆ ಹಾಕಿದಿರಿ. ಆಮೇಲೆ ಯಾವ ಡಬ್ಬಿಗೂ ಗೆರೆ ಎಳೆಯಲಿಲ್ಲ. ಅಷ್ಟು ಪಳಗಿದ ಕೈ ತನ್ನನ್ನೇ ನಂಬದ ಹಾಗೆ — ನಾನು ಮಾಡಿದೆ.

ಬುಟ್ಟಿಯಿಂದ ಹಲಗೆಯನ್ನು ಎತ್ತಿಕೊಂಡು ಹೋದವನೂ ನಾನೇ. ಅವ್ವ ಅಕ್ಕಿ ಆರಿಸುವ ದೀಪ, ಹಿತ್ತಲಿನ ಪುಟ್ಟ ಪಂಪು, ನೆರೆಮನೆಯವರ ಭಜನೆಯ ಸ್ಪೀಕರು — ಎಲ್ಲಕ್ಕೂ ನಿಮ್ಮಿಂದ ಕಲಿತು ಕಟ್ಟಿದ ಡಬ್ಬಿಗಳೇ ಕರೆಂಟು ಕೊಡುತ್ತಿವೆ. ಒಂದೊಂದೂ ಆ ಬಲ್ಬಿನ ಮುಂದೆ ಅರ್ಧ ತಾಸು ನಿಂತದ್ದು; ಒಂದೂ ಕೈಕೊಟ್ಟಿಲ್ಲ. ನೀವು ಕೊಟ್ಟ ವಿದ್ಯೆ ನಮ್ಮ ಮನೆ ಬೆಳಗಿದೆ, ಚಾಚಾ. ಅದಕ್ಕೆ ನಾನು ಕೊಟ್ಟದ್ದು —

ಈ ಭಾನುವಾರ ಮೊದಲು ಕುರುಗೋಡಿಗೆ ಹೋಗಿ ಮಾಸ್ತರರ ಮುಂದೆ ಇದನ್ನೇ ಹೇಳುತ್ತೇನೆ. ಬಂದರೆ ಅವರನ್ನು ಕರೆದುಕೊಂಡು, ಬಾರದಿದ್ದರೆ ಒಬ್ಬನೇ, ಹಲಗೆ ಹೊತ್ತು ನಿಮ್ಮ ಅಂಗಡಿಗೆ ಬರುತ್ತೇನೆ. ಬೈಯಿರಿ, ಸುಮ್ಮನಿರಿ — ನಿಮಗೆ ಬಿಟ್ಟದ್ದು. ಬಲ್ಬು ಸುಳ್ಳು ಹೇಳಿರಲಿಲ್ಲ. ಅದನ್ನು ನಿಮ್ಮ ಮೇಜಿನ ಮೇಲೆ ಮರಳಿ ಇಡಬೇಕು.