ಹೂದಾನಿಯ ಅಡಿಯ ಸಹಿ

ನಿನ್ನೆ ಅಡ್ಯಾರಿನ ಒಂದು ಅಂಗಡಿಯಲ್ಲಿ ಮಾರಾಟಗಾರ ನೀಲಿ ಗಾಜಿನ ಹೂದಾನಿಯೊಂದನ್ನು ಕೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ಮಗ್ಗುಲಾಗಿಸಿ, ಅಡಿಯಲ್ಲಿ ಕೆತ್ತಿದ್ದ ಸಹಿ ತೋರಿಸಿದ. ನನಗೆ ನಗು ಬಂತು. ಕಾರಣ ಅವನಿಗೆ ಹೇಳಲಾಗಲಿಲ್ಲ; ನಿಮಗೆ ಹೇಳಬಹುದು.

2001ರಲ್ಲಿ ನಾನು ಇದೇ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಮಾವ ರೈಲ್ವೆಯಿಂದ ನಿವೃತ್ತರಾದವರು. ರುಕ್ಮಿಣಿ ಅತ್ತೆ ಬ್ಯಾಂಕಿನವರು. ಅವರಿಗೆ ಅಂಬತ್ತೂರು ಶಾಖೆಯಿಂದ ವರ್ಗವಾದಾಗ ಜೊತೆಯವರು ಕೊಟ್ಟ ಜೇನುಬಣ್ಣದ ಹೂದಾನಿ ಟಿ.ವಿ.ಯ ಮೇಲೆ ವರ್ಷಗಟ್ಟಲೆ ಯಾರ ತಂಟೆಗೂ ಹೋಗದೆ ಕೂತಿತ್ತು. ಪತ್ರಿಕೆಯಲ್ಲಿ ಕಲಾಗಾಜಿನ ಮೇಲೊಂದು ಲೇಖನ ಓದಿದ ದಿನ ಮಾವ ಅದನ್ನು ಬೋರಲು ಹಾಕಿದರು. ಅಡಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಯಾರು ಹೇಗೆ ಬೇಕಾದರೂ ಓದಬಹುದಾದ ಎರಡು ಇಂಗ್ಲಿಷ್ ಅಕ್ಷರ, ಕೆಳಗೊಂದು ಗೆರೆ. ಅಂದಿನಿಂದ ಅದು ಮಾವನ ಬಾಯಲ್ಲಿ 'ನನ್ನ ಪೀಸ್' ಆಯಿತು. ಮಾಡಿದವನಾರೆಂದು ಪತ್ತೆಹಚ್ಚುವುದೇ ಅವರ ಉದ್ಯೋಗವಾಯಿತು.

ದಿನಚರಿಯ ಚಟ ನನಗೆ. ಮನೆಗೆ ಬಂದವರ ಅಭಿಪ್ರಾಯಕ್ಕೆ ಒಂದು ಪುಟ ಮೀಸಲಿಟ್ಟು ತಾರೀಖು ಹಾಕಿ ಬರೆದುಕೊಂಡೆ. ಜುಲೈ ಹೊತ್ತಿಗೆ ಇಟಲಿ ಒಂಬತ್ತು, ಫ್ರಾನ್ಸ್ ಏಳು, ಬೆಲ್ಜಿಯಂ ನಾಲ್ಕು. ಗೊತ್ತಿಲ್ಲ ಎಂದವರು ಒಬ್ಬರೂ ಇಲ್ಲ. ಫೋಟೊಗೆ ಕಟ್ಟು ಹಾಕುವವನು ಬೆರಳಿನಿಂದ ಟಣ್ಣೆನಿಸಿ, "ಫಾರಿನ್ ದಾನ್ ಸಾರ್" ಎಂದ, ಫಾರಿನ್‌ದೇ ಎಂದು ತಮಿಳಿನಲ್ಲಿ. ಅವನನ್ನು ಯಾವ ದೇಶಕ್ಕೆ ಸೇರಿಸುವುದೆಂದು ಎರಡು ದಿನ ಯೋಚಿಸಿ ಇಟಲಿಗೆ ಹಾಕಿದೆ.

"ಅದು ನನ್ನದು ಕಣ್ರೀ" ಎಂದು ಅತ್ತೆ ಒಮ್ಮೆ ಹೇಳಿದ್ದುಂಟು.

"ಗಾಜಿನ ವಿಷಯ ನಿನಗೇನು ಗೊತ್ತು, ಕಾಫಿ ತಾ" ಎಂದಿದ್ದರು ಮಾವ.

ಕೊನೆಗೆ ಕನ್ನಡ ಸಂಘದಲ್ಲಿ ಅವರ ಭಾಷಣ ನಿಗದಿಯಾಯಿತು. ಜುಲೈ 15, ಭಾನುವಾರ. ವಿಷಯ, 'ನಮ್ಮ ಮನೆಯೊಳಗೊಂದು ಇಟಲಿ'. ಹಿಂದಿನ ದಿನ ಕೆಲಸದಾಕೆ ಬರಲಿಲ್ಲ. ಅತ್ತೆಗೆ ಕೈನೋವು. ಪಾತ್ರೆ ನನ್ನ ಪಾಲಿಗೆ ಬಂತು. ಮೊದಲ ತಟ್ಟೆಯನ್ನು ಮಗುಚಿದೆ. ಎರಡು ಅಕ್ಷರ, ಕೆಳಗೊಂದು ಗೆರೆ. ಲೋಟ, ಡಬ್ಬಿ, ಬಾಣಲೆ, ಎಲ್ಲದರ ಮೇಲೂ ಅದೇ. ಎಣಿಸಿದೆ, ಮೂವತ್ತೊಂದು. ನಾನು ಎರಡು ವರ್ಷದಿಂದ, ಮಾವ ಮದುವೆಯಾದಾಗಿನಿಂದ ಅದೇ ತಟ್ಟೆಗಳಲ್ಲಿ ಉಣ್ಣುತ್ತಿದ್ದೆವು. ಒಂದನ್ನೂ ತೊಳೆದಿರಲಿಲ್ಲ.

"ಪಾತ್ರೆ ಅಂಗಡೀಲಿ ಹಾಕಿಸಿದ್ದು," ಎಂದರು ಅತ್ತೆ. "ಪಾಯಸ ಹಾಕಿ ಪಕ್ಕದ ಮನೆಗೆ ಕಳಿಸಿದ ಡಬ್ಬಿ ತಿರುಗಿ ಬರಬೇಕಲ್ಲ. ಕೆ ಅಂದ್ರೆ ನಮ್ಮಪ್ಪ ಕೃಷ್ಣಮೂರ್ತಿ, ಆರ್ ಅಂದ್ರೆ ನಾನು. ಹೂದಾನಿಗೂ ಹಾಕಿಸಿದೆ. ಗಾಜು ಜಾರುತ್ತೆ ಅಂತ ಅಂಗಡಿಯವನು ಗೊಣಗಿದ."

"ಮತ್ತೆ, ಅದನ್ನ ಮಾಡಿದವರ ಹೆಸರು?"

"ಒಂದು ಚೀಟಿ ಅಂಟಿಸಿದ್ರು. ಬಿಸಿನೀರಲ್ಲಿ ನೆನೆಸಿ ಕಿತ್ತುಹಾಕಿದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ಇಪ್ಪತ್ತು ಜನರನ್ನ ಕೇಳಿದ್ರಿ. ನನ್ನ ಯಾರು ಕೇಳಿದ್ರು?"

ದಿನಚರಿಯ ಪುಟ ತೆಗೆದು ನೋಡಿದೆ. ಅತ್ತೆಯ ಹೆಸರು ಇರಲಿಲ್ಲ. ಬರೆದದ್ದು ನಾನೇ.

ಮಾವ ಸಭೆಯಲ್ಲಿ ನಗೆಪಾಟಲಾಗುವುದನ್ನು ತಪ್ಪಿಸಬೇಕಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಅವರ ತಟ್ಟೆಯನ್ನು ಬೋರಲಾಗಿಟ್ಟೆ. ನೋಡಿದರು. ಲೋಟ ಎತ್ತಿ ಅದರ ತಳ ನೋಡಿದರು. ಸಾರು ಆರಿತು.

"ರುಕ್ಕು, ನಾಳೆ ನೀನೂ ಬಾ" ಎಂದರು.

ಮರುದಿನ ಹನ್ನೆರಡು ಹಾಳೆಯ ಭಾಷಣ ಜೇಬಿನಿಂದ ಹೊರಬರಲೇ ಇಲ್ಲ. "ಈ ಸಹಿ ನನ್ನ ಹೆಂಡತಿಯದು. ನನಗೆ ನಿನ್ನೆ ಗೊತ್ತಾಯಿತು" ಎಂದಷ್ಟೇ ಹೇಳಿ ಕೂತರು. ಭಾರಿ ಚಪ್ಪಾಳೆ ಬಿತ್ತು. ಗಾಜು ಊದಿದ್ದೇ ಅತ್ತೆ ಎಂದು ಸಭೆ ತಿಳಿದುಕೊಂಡಿತ್ತು. ಮೂವರು ಹೆಂಗಸರು ಬಂದು, ಕ್ಲಾಸು ಯಾವಾಗ ಎಂದು ವಿಚಾರಿಸಿದರು. ಅತ್ತೆ ಬ್ಯಾಂಕ್ ಕೌಂಟರಿನ ಹಿಂದಿನ ಗಾಂಭೀರ್ಯದಲ್ಲಿ, "ಸದ್ಯಕ್ಕೆ ಯಾರನ್ನೂ ತಗೊಳ್ತಿಲ್ಲ" ಎಂದರು. ಪಕ್ಕದಲ್ಲಿ ಮಾವ ಹೂದಾನಿ ಹಿಡಿದುಕೊಂಡು ನಿಂತಿದ್ದರು.

ನಿನ್ನೆಯ ಅಂಗಡಿಯವನು ಇನ್ನೂ ಸಹಿಯ ಮಹಿಮೆ ಹೇಳುತ್ತಿದ್ದ. ಅವನನ್ನು ತಡೆದು ಅತ್ತೆಗೆ ಫೋನ್ ಮಾಡಿದೆ.

"ಸಹಿ ಇರಲಿ," ಎಂದರು. "ನೆಟ್ಟಗೆ ನಿಲ್ಲುತ್ತಾ ನೋಡು."

ನೀಲಿ ಹೂದಾನಿಯನ್ನು ಮೇಜಿನ ಮೇಲಿಟ್ಟು ಕೈಬಿಟ್ಟೆ. ಅಲುಗಾಡಿತು.