ದಿನಕ್ಕೊಂದು ಸಾಲು

ಶಿಡ್ಲಘಟ್ಟದಲ್ಲಿ ನಾನು ಅಕ್ಕ ಎಂದೇ ಕರೆಯುತ್ತಿದ್ದ ಒಬ್ಬರ ಪಕ್ಕದ ಮನೆಯಲ್ಲಿ ಒಂಬತ್ತು ವರ್ಷ ಇದ್ದೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೊರಡುವ ಮೊದಲು ಅವರು ದಿನವೂ ಬೈಬಲ್ಲಿನ ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದರು. "ಓದೋಕೆ ಒಂದು ನಿಮಿಷ ಸಾಕು, ಅದರಂತೆ ನಡೆಯೋಕೆ ಇಡೀ ದಿನ ಬೇಕಮ್ಮ" ಅನ್ನುತ್ತಿದ್ದರು.

ಒಮ್ಮೆ ಜೊತೆ ಕೆಲಸದವಳೊಬ್ಬಳು ಈ ಅಕ್ಕನೇ ನೂಲು ಕದ್ದರೆಂದು ದೂರಿದಳು. ಎಲ್ಲರೆದುರು ಇವರ ಚೀಲ ಜಾಲಾಡಿದರು, ಏನೂ ಸಿಗಲಿಲ್ಲ. ಮುಂದಿನ ವಾರ ರೇಷ್ಮೆಗೂಡು ಬೇಯಿಸುವ ಕುದಿನೀರು ಚೆಲ್ಲಿ ಆ ದೂರಿದವಳ ಎರಡೂ ಕೈ ಸುಟ್ಟವು. ಒಂಟಿ ಹೆಂಗಸು. ಕೈ ವಾಸಿಯಾಗುವವರೆಗೆ ದಿನಾ ಮುದ್ದೆ, ಸಾರು ಒಯ್ದು ತುತ್ತು ಮಾಡಿ ಉಣ್ಣಿಸಿದವರು ಈ ಅಕ್ಕನೇ.

"ಕೋಪ ಹೋಯ್ತಾ ಅಕ್ಕ?" ಎಂದು ಕೇಳಿದೆ.

"ಎಲ್ಲಿ ಹೋಯ್ತಮ್ಮ, ಇನ್ನೂ ಇದೆ. ಪ್ರಾರ್ಥನೆ ಮಾಡ್ತಾ ಇದೀನಿ. ಅದು ಹೋಗೋತನಕ ಕಾಯ್ತಾ ಕೂತ್ರೆ ಅವಳು ಉಪವಾಸ ಬೀಳ್ತಾಳೆ."